ಕೀಬೋರ್ಡಿಗೆ ಗೊತ್ತಿದ್ದ ಹೆಸರು

“ನಾ ಏನ್ ತಪ್ಪು ಮಾಡೀನ್ರಿ, ಲುಬ್ನಾ?”

ಐಟಿ ಹೆಲ್ಪ್‌ಡೆಸ್ಕಿನ ಫುರ್ಕಾನ್ ನನ್ನ ಮೇಜಿನ ಪಕ್ಕ ನಿಂತು, ಬೆಳಿಗ್ಗೆ ನಾನು ಕಳಿಸಿದ್ದ ದೂರಿನ ಟಿಕೆಟ್ಟನ್ನು ಫೋನಿನಲ್ಲಿ ತೋರಿಸಿದ. ಕೊನೆಯ ಸಾಲು ನನ್ನದೇ: ದಯವಿಟ್ಟು ಫುರ್ಕಾನ್ ಅವರನ್ನು ಬಿಟ್ಟು ಬೇರೆ ಯಾರನ್ನಾದರೂ ಕಳಿಸಿ.

“ನಿಮ್ಮ ಟೀಮಿನ ಹಸನ್ ಬರ್ತಾರೆ ಅಂದ್ಕೊಂಡಿದ್ದೆ,” ಎಂದೆ.

“ಹಸನ್‌ಗ ಕನ್ನಡ ಓದಾಕ ಬರಂಗಿಲ್ಲ. ಇಡೀ ಮೌಂಟನ್ ವ್ಯೂ ಆಫೀಸಿನ್ಯಾಗ ಕನ್ನಡ ಕೀಬೋರ್ಡಿಗೆ ನಾನೊಬ್ಬನ. ಬ್ಯಾಡಂದ್ರೂ ನಾನ ಬರಬೇಕು.”

ಅವನ ಹುಬ್ಬಳ್ಳಿ ಮಾತು ಯಾವಾಗಲೂ ನಗುವಿನ ಜೊತೆಗೇ ಬರುತ್ತದೆ. ಇವತ್ತು ತುಟಿ ನಕ್ಕಿತು, ಕಣ್ಣು ನಗಲಿಲ್ಲ.

ಅವನಿಗೆ ನೋವಾಗಿತ್ತು. ಕಾರಣ ಹೇಳುವ ಧೈರ್ಯ ನನಗಿರಲಿಲ್ಲ.

ನಮ್ಮ ಆ್ಯಪಿನ ಕನ್ನಡ ಆವೃತ್ತಿ ನನ್ನ ಕೆಲಸ. ಮಧ್ಯಾಹ್ನದ ಡೆಮೊದಲ್ಲಿ ಇಡೀ ಟೀಮಿನ ಎದುರು, ಗೋಡೆಯಷ್ಟು ದೊಡ್ಡ ಸ್ಕ್ರೀನಿನ ಮೇಲೆ ನಾನು ಕನ್ನಡದಲ್ಲಿ ಟೈಪ್ ಮಾಡಬೇಕಿತ್ತು. ನಿನ್ನೆ ಅಭ್ಯಾಸ ಮಾಡುವಾಗ, ಅರ್ಧ ಪದ ಬರೆಯುವಷ್ಟರಲ್ಲಿ ಮುಂದಿನ ಪದಗಳು ತಾವಾಗಿಯೇ ತೇಲಿಬಂದವು. ಎಲ್ಲವೂ ನನ್ನವೇ. ಲಂಚ್ ಹೊತ್ತಿನಲ್ಲಿ ಸ್ಯಾನ್ ಹೊಸೆಯಲ್ಲಿರುವ ಗೆಳತಿ ಗಾರ್ಗಿಗೆ ಬರೆದಿದ್ದ ಮಾತುಗಳನ್ನು ಲ್ಯಾಪ್‌ಟಾಪು ಸದ್ದಿಲ್ಲದೆ ಕಲಿತುಬಿಟ್ಟಿತ್ತು.

ಈ ಪದ-ಸಲಹೆಗಳನ್ನು ಆಫ್ ಮಾಡಲು ಹೋದೆ. ಪ್ರೈವೆಸಿ ಪುಟದಲ್ಲಿ ಆ ಸ್ವಿಚ್ಚೇ ಕಾಣಲಿಲ್ಲ. ಅದಿರಬೇಕಾದಲ್ಲಿ ಬೂದು ಬಣ್ಣದ ಒಂದು ಸಾಲು: ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತದೆ.

ಹಾಗಾದರೆ ನನ್ನ ಮಾತುಗಳನ್ನು ಬೇರೆ ಯಾರು ಓದುತ್ತಿದ್ದಾರೆ? ಯಾರು ಓದಿದರೂ ಹೇಗೋ ತಡೆದುಕೊಂಡೇನು. ಇವನೊಬ್ಬ ಓದಬಾರದು.

“ಜರಗ್ರಿ, ನೋಡೂಣು.” ಕುರ್ಚಿ ಎಳೆದುಕೊಂಡ. ತೋಳಿಗೆ ತೋಳು ತಾಗದಂತೆ ಅವನು ಎಷ್ಟು ಜಾಗ್ರತೆಯಿಂದ ಕೂತನೆಂದರೆ, ನನಗೆ ಆ ಅಂತರವೇ ಬೆಚ್ಚಗೆನಿಸಿತು.

“ಒಂದ್ ಸಲ ಟೈಪ್ ಮಾಡಿ ನೋಡ್ತೀನಿ.”

“ಬೇಡ, ಟೈಪ್ ಮಾಡ್ಬೇಡಿ!”

ಅಷ್ಟರಲ್ಲಿ ಅವನ ಬೆರಳು ಓಡಿತ್ತು. ಕೀಬೋರ್ಡ್ ಪರೀಕ್ಷಿಸುವವರು ಮೊದಲು ತಮ್ಮ ಹೆಸರನ್ನೇ ಬರೆಯುತ್ತಾರೆ. ‘ಫು’ ಎನ್ನುವಷ್ಟರಲ್ಲಿ ಉಳಿದದ್ದನ್ನು ಲ್ಯಾಪ್‌ಟಾಪೇ ತುಂಬಿಸಿತು: ಫುರ್ಕಾನ್.

“ಅರೆ, ಇದಕ್ಕ ನನ್ನ ಹೆಸರು ಹೆಂಗ ಗೊತ್ತು?”

ಸಲಹೆಯನ್ನು ಒತ್ತಿದ. ‘ನಕ್ಕರೆ’ ಬಂತು. ಮತ್ತೆ ಒತ್ತಿದ. ‘ನನಗೆ’. ನಾನು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚುವುದರೊಳಗೆ ಸಾಲು ಪೂರ್ತಿಯಾಗಿತ್ತು.

ಫುರ್ಕಾನ್ ನಕ್ಕರೆ ನನಗೆ ಕೆಲಸವೇ ಸಾಗುವುದಿಲ್ಲ.

ಅವನು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಅವನ ಕಿವಿ ನಿಧಾನವಾಗಿ ಕೆಂಪಾಗುವುದನ್ನು ನೋಡಿದೆ.

“ಇದಕ್ಕೇನ್ರಿ ನಾ ಬ್ಯಾಡ ಅಂದದ್ದು?” ಧ್ವನಿ ಬಹಳ ಮೆತ್ತಗಿತ್ತು.

“ಮೊದಲು ಇದನ್ನ ಹೇಳಿ,” ಎಂದೆ. “ಅಡ್ಮಿನ್ ಪಾಸ್‌ವರ್ಡು ನಿಮ್ಮ ಹತ್ರಾನೇ ಇರೋದು. ನೀವು ನನ್ನ ಸ್ಕ್ರೀನ್ ನೋಡ್ತಿದ್ರಾ? ಇದೆಲ್ಲ ಮೊದಲೇ ಗೊತ್ತಿತ್ತಾ?”

ಅವನು ನನ್ನ ಕಡೆ ತಿರುಗಿದ. ಕಣ್ಣು ತಪ್ಪಿಸಲಿಲ್ಲ.

“ನಾ ನೋಡಬೇಕಂದ್ರ ನಿಮ್ಮ ಸ್ಕ್ರೀನಿನ ಮ್ಯಾಲೆ ಪರ್ಮಿಷನ್ ಕೇಳ್ತೈತಿ. ನೀವು ಹೂಂ ಅನ್ನಬೇಕು. ಗೊತ್ತಿದ್ರ ಇಷ್ಟು ದಿನ ಸುಮ್ನ ಕೂಡ್ತಿದ್ನೇನ್ರಿ, ನಾ?”

ಕೇಳಿದ್ದು ಅರ್ಥವಾಗಲು ನನಗೆ ಕೊಂಚ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

ಅವನು ತನ್ನ ಲ್ಯಾಪ್‌ಟಾಪ್ ತೆರೆದು, ನನ್ನ ಮಷೀನಿಗಿದ್ದ ಕಂಪನಿಯ ಬೀಗ ತೆಗೆದ. ಬೂದು ಸಾಲು ಹೋಗಿ ಸ್ವಿಚ್ಚು ಕಾಣಿಸಿತು. ಅದರ ಕೆಳಗೆ, ಕಲಿತ ಪದಗಳನ್ನೆಲ್ಲ ಅಳಿಸುವ ಬಟನ್.

“ನೀವ ಒತ್ರಿ. ನಾ ಮುಟ್ಟಂಗಿಲ್ಲ.”

ಸ್ವಿಚ್ಚು ಆಫ್ ಮಾಡಿ, ಬಟನ್ ಒತ್ತಿದೆ.

“ಹೋತು,” ಎಂದ, ತನ್ನದೇನೋ ಕಳೆದವನಂತೆ. “ನನ್ನ ಬಗ್ಗೆ ಇನ್ನೂ ಏನೇನ್ ಬರ್ದಿದ್ರಿ?”

“ಇಲ್ಲಿ ಹೇಳಲ್ಲ.”

“ಮತ್ತೆಲ್ಲಿ?”

“ಹೊರಗೆ. ಷಟಲ್ ಬಸ್ ಸ್ಟಾಪಿನ ಬೆಂಚ್ ಹತ್ರ. ಡೆಮೊಗಿಂತ ಮೊದಲೇ.” ಸುತ್ತ ನೋಡಿ ಧ್ವನಿ ತಗ್ಗಿಸಿದೆ. “ಆದ್ರೆ ಇಬ್ಬರ ಫೋನೂ ಇಲ್ಲೇ ಇರ್ಬೇಕು.”

ಅವನು ತಮಾಷೆ ಮಾಡುತ್ತಾನೆಂದುಕೊಂಡೆ. ಮಾಡಲಿಲ್ಲ. ಫೋನನ್ನು ನನ್ನ ಫೋನಿನ ಪಕ್ಕ ಮೇಜಿನ ಮೇಲೆ ಬೋರಲಾಗಿಟ್ಟ. ಕೈಯ ಸ್ಮಾರ್ಟ್‌ವಾಚನ್ನೂ ಬಿಚ್ಚಿ ಅದರ ಮೇಲಿಟ್ಟ.

“ನಡೀರಿ,” ಎಂದ. “ಎಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ.”