ನಡು ಆಟದಲ್ಲಿ ಯಾರನ್ನೂ ಎಬ್ಬಿಸದವನು

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ದೂರು ಠಾಣೆಗೆ ಬಂತು. ತಂದವನು ಆನ್‌ಲೈನ್ ಲೂಡೋ ಕಂಪನಿಯೊಂದರ ಇಬ್ಬರು ಸ್ಥಾಪಕರಲ್ಲಿ ಮಾತಿನವನು. ಕೋಡ್ ಬರೆಯುವ ಇನ್ನೊಬ್ಬ ಜ್ವರ ಬಂದು ಮನೆಯಲ್ಲಿ ಮಲಗಿದ್ದಾನಂತೆ. ಹಿಂದಿನ ಮಧ್ಯಾಹ್ನ ಯಾರೋ ಇಡೀ ಆಟವನ್ನು, ಅದರ ಪ್ರತಿಗಳ ಸಮೇತ, ಅಳಿಸಿಹಾಕಿದ್ದರು.

“ನಮ್ಮದು ಬರೀ ಆಟ ಅಲ್ಲ ಸಾರ್, ಒಂದು ವಿಷನ್!”

“ವಿಷನ್ ಹೋದ್ರೆ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು,” ಎಂದು ಕಾನ್‌ಸ್ಟೇಬಲ್ ಅವನದೇ ದನಿಯಲ್ಲಿ ಗೊಣಗಿದ. ಇನ್‌ಸ್ಪೆಕ್ಟರ್ ನಗಲಿಲ್ಲ. ಎರಡು ಪಾಳಿ ಒಟ್ಟಿಗೆ ಮಾಡಿ ಹಣ್ಣಾಗಿದ್ದರು. ಎಫ್‌ಐಆರ್ ಬರೆಸಿ ಜೀಪು ಹತ್ತಿದರು.

ಸರ್ವರ್ ಕೋಣೆಯ ಪಂಚನಾಮೆಯಲ್ಲಿ ಬರೆಯಲು ಹೆಚ್ಚೇನೂ ಇರಲಿಲ್ಲ. ಬೀಗ ನೆಟ್ಟಗಿತ್ತು, ಎ.ಸಿ. ಮಾತ್ರ ಕೆಮ್ಮುತ್ತಿತ್ತು. ಅಳಿಸುವ ಪಾಸ್‌ವರ್ಡ್ ಗೊತ್ತಿದ್ದವರು ಸ್ಥಾಪಕರಿಬ್ಬರು, ಮತ್ತು ಹೋದ ತಿಂಗಳು ಕೆಲಸದಿಂದ ತೆಗೆದ ಮ್ಯಾನೇಜರಮ್ಮ.

“ಅವಳೇ ಸಾರ್,” ಎಂದ ದೂರುದಾರ.

ವಾಪಸು ಬರುವಾಗ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. “ಸಾರ್, ಬೈಬಾರ್ದು. ನಿನ್ನೆ ನಾನೂ ಆಡ್ತಿದ್ದೆ.”

“ಡ್ಯೂಟೀಲಿ?”

“ಊಟದ ಹೊತ್ತಲ್ಲಿ ಸಾರ್. ಹೊಸ ಆಟ ಒಂದೂ ತೆರೀತಿರ್ಲಿಲ್ಲ. ನಡೀತಿದ್ದದ್ದನ್ನ ಮಾತ್ರ ಬಿಟ್ಟಿದ್ರು. ನನ್ನ ಕೊನೇ ಕಾಯಿ ಹಣ್ಣಾದ ಮೇಲೇ ಪರದೆ ಕಪ್ಪಾಗಿದ್ದು.”

ಇನ್‌ಸ್ಪೆಕ್ಟರ್ ಮ್ಯಾನೇಜರಮ್ಮನಿಗೆ ಫೋನು ಮಾಡಿದರು.

“ಸಿಟ್ಟಿಗೆ ಅಳಿಸೋರು ಆಟ ಮುಗಿಯೋವರೆಗೂ ಕಾಯ್ತಾರಾ ಸಾರ್?” ಎಂದಳು ಆಕೆ. “ನಡು ಆಟದಲ್ಲಿ ಯಾರನ್ನೂ ಎಬ್ಬಿಸ್ಬಾರ್ದು ಅನ್ನೋದು ಒಬ್ಬರದೇ ಹಟ. ಚಿಕ್ಕ ರಿಪೇರಿಗೂ ನಮ್ಮನ್ನ ಗಂಟೆಗಟ್ಲೆ ಕಾಯಿಸ್ತಿದ್ರು.” ಯಾರು ಎಂದು ಕೇಳಿದ್ದಕ್ಕೆ ಹೆಸರು ಹೇಳದೆ, “ಒಳ್ಳೇ ಮನುಷ್ಯ ಸಾರ್,” ಎಂದಳು.

ಮನೆಯ ಬಾಗಿಲು ತೆರೆದ ಕೋಡಿನವನ ಹಣೆ ಮುಟ್ಟಿದರೆ ತಣ್ಣಗಿತ್ತು.

“ಜ್ವರ?”

“ಇಲ್ಲ ಸಾರ್.”

“ಕಾಲೇಜು ದಿನದಿಂದ ನೀವಿಬ್ರೂ ಕಟ್ಟಿದ ಆಟ ಅಲ್ಲವೇನಪ್ಪಾ? ಯಾಕೆ ಅಳಿಸ್ದೆ?”

“ದಾಳ ಸಾರ್. ಮೊದ್ಲು ಗೆಲ್ಲಿಸಿ, ದುಡ್ಡು ಕಟ್ಟಿದ್ಮೇಲೆ ಸೋಲಿಸೋ ದಾಳ ಮಾಡು ಅಂದ ನಮ್ಮೋನು.”

“ಆಗಲ್ಲ ಅನ್ಬೇಕಿತ್ತು.”

“ಮಾಡ್ಕೊಟ್ಟೆ.”

“ನಮಗಾದ್ರೂ ಹೇಳ್ಬಹುದಿತ್ತು.”

“ಏನಂತ ಸಾರ್? ಮೋಸ ಬರೆದಿರೋ ಕೈ ನಂದೇ ಅಂತಾನಾ?”

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಕೂತರು. “ಅವನ ಮೇಲಿದ್ದ ಸಾಕ್ಷೀನೂ ಅಳಿಸ್ಬಿಟ್ಟೆಯಲ್ಲಯ್ಯಾ.”

ಅವನು ತಲೆಯಾಡಿಸಿದ. ಅದನ್ನೂ ಯೋಚಿಸಿಯೇ ಅಳಿಸಿದ್ದನೆಂದು ಕಂಡಿತು.

ಸಂಜೆ ನಾಲ್ಕೂವರೆಗೆ ಬಂಧನ ದಾಖಲಾಯಿತು. ಕೊಟ್ಟ ಹೇಳಿಕೆಯ ಪ್ರಕಾರ, ಹೊಸ ದಾಳವನ್ನು ಸೋಮವಾರ ಒಂದಷ್ಟು ಆಟಗಾರರ ಮೇಲೆ ಪರೀಕ್ಷೆಗೆ ಬಿಟ್ಟಿದ್ದರು. ಆ ಆಟಗಾರರನ್ನು ಆರಿಸಿದ್ದು ಯಂತ್ರ. ಅವರಲ್ಲಿ ಅವನ ಅಕ್ಕನೂ ಒಬ್ಬಳು. ಸಂಜೆಯವರೆಗೂ ಸೋತು ಸೋತು ಅವನಿಗೇ ಫೋನು ಮಾಡಿದ್ದಳು: “ಯಾಕೋ ನನಗೆ ಆಡೋಕೇ ಬರ್ತಿಲ್ಲ ಕಣೋ ತಮ್ಮಾ. ವಯಸ್ಸಾಯ್ತೇನೋ.”

“ನಾಳೆ ಸರಿಹೋಗುತ್ತೆ ಬಿಡಕ್ಕಾ,” ಎಂದಿದ್ದ.