ಗಾಜಿನ ಆಚೆಗಿನ ಅಳು

"ನೇಹಾ ನಮ್ಮನೇಲಿ ಇಲ್ವಲ್ಲೇ ಭಾನು! ಈ ವಾರ ಜಯಂತ ಬಿಡೋಕೆ ಬಂದೇ ಇಲ್ಲ."

ತಾವಿದ್ದ ಟೋಕಿಯೋ ಹೊರವಲಯದ ಉರಯಾಸುವಿನಿಂದ ಪಕ್ಕದ ಮನೆಯ ವಿಶಾಲಾಕ್ಷಿ ಫೋನಿನಲ್ಲಿ ಹೀಗೆಂದಾಗ, ಭಾನುಮತಿ ಟೋಕಿಯೋದ ಆಪೆರಾ ರಂಗಮಂದಿರದ ಮೇಕಪ್ ಕೋಣೆಯಲ್ಲಿದ್ದಳು. ಒಂದೇ ಕಣ್ಣಿಗೆ ಕಾಡಿಗೆ ಹಚ್ಚಿಯಾಗಿತ್ತು.

ಎಂಟು ತಿಂಗಳ ಮಗು ನೇಹಾಳನ್ನು ವಿಶಾಲಾಕ್ಷಿಯ ಬಳಿ ಬಿಟ್ಟು ಆಫೀಸಿನ ವೈಟುಕೆ ಕಂಪ್ಯೂಟರ್ ಟೆಸ್ಟಿಂಗಿಗೆ ಹೋಗುತ್ತೇನೆ ಎಂದು ಗಂಡ ಜಯಂತ ದಿನವೂ ಹೇಳುತ್ತಿದ್ದ. ಕಳೆದ ವಾರ ಬಚ್ಚಲ ಬಾಗಿಲು ಹಾಕಿಕೊಂಡು ಮೈಸೂರಿನ ತಾಯಿಯೊಂದಿಗೆ ಪಿಸುಗುಟ್ಟಿದ್ದ: "ಟಿಕೆಟ್ ಸಿಗುತ್ತಮ್ಮ. ಭಾನುಗೆ ನಾನೇ ಹೇಳ್ತೀನಿ."

ಮಗುವನ್ನು ಕಳಿಸಿಬಿಡುತ್ತಾನೆಯೇ? ಕಳಿಸಿಯೇಬಿಟ್ಟನೇ?

"ಭಾನುಮತಿ ಸಾನ್!" ನಿರ್ದೇಶಕ ಮೋರಿತಾ ತಾಲೀಮಿಗೆ ಕರೆದರು. ಹೆರಿಗೆಯಾದ ಮೇಲೆ ಅವಳ ಉಸಿರು ಮೊದಲಿನಂತಿಲ್ಲ ಎಂಬ ಅನುಮಾನ ಅವರಿಗೆ. ಇವತ್ತೂ ಉಸಿರು ಕೈಕೊಟ್ಟರೆ ನಾಯಕಿಯ ಪಾತ್ರ ಬೇರೆಯವಳಿಗೆ.

ಹಾಡು ಅರ್ಧಕ್ಕೆ ಬಂದಾಗ ಬಾಲ್ಕನಿಯ ಹಿಂದೆ ದೀಪ ಹತ್ತಿತು. ಕೂಸುಗಳೊಂದಿಗೆ ಬರುವವರಿಗಾಗಿ ಕಟ್ಟಿದ ಗಾಜಿನ ಕೋಣೆ ಅದು. ಒಳಗಿನ ಸದ್ದು ಹೊರಗೆ ಬಾರದು. ಅಲ್ಲಿ ಜಯಂತ ನಿಂತಿದ್ದ. ಅವನ ಹೆಗಲ ಮೇಲೆ ನೇಹಾ, ಬಾಯಿ ತೆರೆದು ಅಳುತ್ತಿದ್ದಳು, ಸದ್ದೇ ಇಲ್ಲದೆ.

ಭಾನುಮತಿಯ ಎದೆ ಬಿಗಿಯಿತು; ರವಿಕೆ ತೇವವಾಯಿತು. ಜಯಂತ ಮೋರಿತಾರ ಕಡೆ ಬೆರಳು ತೋರಿಸಿದ: ಇಲ್ಲಿ ನೋಡಬೇಡ, ಅಲ್ಲಿ ನೋಡು.

ಅವಳು ಮುಖ ತಿರುಗಿಸಿದಳು. ಹೊಟ್ಟೆಯಾಳದಿಂದ ಉಸಿರೆಳೆದು ಕೊನೆಯ ಸ್ವರದವರೆಗೂ ಹಾಡಿದಳು.

"ನಾಳೆಯೂ ಹೀಗೇ ಇರಲಿ," ಎಂದರು ಮೋರಿತಾ.

ಅವಳು ಅದಾಗಲೇ ಬಾಲ್ಕನಿಯ ಮೆಟ್ಟಿಲ ಮೇಲಿದ್ದಳು. ಮಗುವನ್ನು ಕಸಿದುಕೊಂಡು ಎದೆಗೆ ಹಚ್ಚಿದಳು. ಜಯಂತ ಕೋಟು ಬಿಚ್ಚಿ, ಬೆನ್ನು ತಿರುಗಿಸಿ, ಗಾಜಿಗೆ ಮರೆ ಹಿಡಿದ.

"ಕದ್ದುಮುಚ್ಚಿ ಊರಿಗೆ ಕಳಿಸೋಕಿದ್ರಾ ಇವಳನ್ನ?"

ಅವನು ಇಲ್ಲವೆನ್ನಲಿಲ್ಲ. "ಯೋಚನೆ ಇತ್ತು. ಹೇಳೋ ಮುಂಚೆ ನಿನ್ನ ಹಾಡು ಒಂದ್ಸಲ ಪೂರ್ತಿ ಕೇಳೋಣ ಅಂತ ಸೋಮವಾರ ಬಂದೆ. ಕೇಳಿದ್ಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ನಿನ್ನೆ ಅಮ್ಮಂಗೆ ಬೇಡ ಅಂದ್ಬಿಟ್ಟೆ."

"ಮತ್ತೆ ಆಫೀಸು?"

"ನೀವಿಬ್ರೂ ಏಳೋ ಮುಂಚೇನೇ ಹೋಗಿ ಮುಗಿಸಿ ಬರ್ತಿದ್ದೆ. ಇಲ್ಲಿ ವಾಚ್‌ಮನ್‌ಗೆ ದಿನಾ ಸುಮಿಮಾಸೆನ್, ಕ್ಷಮಿಸಿ ಅಂತ ಹೇಳಿ ಹೇಳಿ ಸೊಂಟ ಬಗ್ಗಿಹೋಗಿದೆ ಕಣೇ."

ಅವಳಿಗೆ ನಗು ಬಂತು, ತಡೆದುಕೊಂಡಳು. "ನಂಗ್ಯಾಕೆ ಹೇಳ್ಲಿಲ್ಲ?"

"ಇವಳು ಇಲ್ಲಿದ್ದಾಳೆ ಅಂತ ಗೊತ್ತಿದ್ರೆ ನೀನು ಹಾಡ್ತಿದ್ಯಾ?"

ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. "ರೀ, ಈ ಕಡೆ ತಿರುಗಿ."

ತಿರುಗಿದ. ನಿದ್ದೆಗೆಟ್ಟ ಕಣ್ಣು, ಹೆಗಲ ಮೇಲೆ ಮಗು ಕಕ್ಕಿದ ಹಾಲಿನ ಕಲೆ. ಸುಳ್ಳು ಎಲ್ಲಾದರೂ ಉಳಿದಿದೆಯೇ ಎಂದು ಅವಳು ಆ ಮುಖವನ್ನು ಬಹಳ ಹೊತ್ತು ಹುಡುಕಿದಳು. ಹುಡುಕುತ್ತಿದ್ದಂತೆ ಅವನ ಕಿವಿ ಕೆಂಪಾಯಿತು.

"ನಾಳೆ ಬರೋದಾದ್ರೆ ನಂಗೆ ಹೇಳ್ಬೇಡಿ," ಎಂದಳು. "ಆದ್ರೆ ಬನ್ನಿ."