ಓವನ್ನಿನೊಳಗಿನ ಕುದುರೆ

ನವ್ಯಶ್ರೀ ಒಂದು ಕಾಲನ್ನು ಗೋಡೆಗೆ ಕೊಟ್ಟು, ಎರಡೂ ಕೈಯಲ್ಲಿ ಓವನ್ ಬಾಗಿಲು ಎಳೆಯುತ್ತಿದ್ದಳು. ಅವಳ ಸೊಂಟ ಹಿಡಿದು ಗೆಳತಿ ಸಾನಾ ಎಳೆಯುತ್ತಿದ್ದಳು. ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಮೆಲ್ಲಗೆ ಕಣ್ರವ್ವಾ, ಹಿಡಿಕೆ ಕಿತ್ಕೊಂಡ್ ಬಂದಾತು" ಎಂದಳು ಅಜ್ಜಿ ಬೋರಮ್ಮ. ಆಮೇಲೆ ಮೂಲೆಯಲ್ಲಿದ್ದ ಮೊಮ್ಮಗನ ಕಡೆ ತಿರುಗಿದಳು. "ಇದೂ ನಿಂದೇ ಕಿತಾಪತಿ ಏನ್ಲಾ, ಮನೋಹರ?"

"ನಾನಲ್ಲ ಕಣಜ್ಜಿ."

ಯಾರು ನಂಬುತ್ತಾರೆ? ಐದು ವರ್ಷದ ಆ ಪುಣ್ಯಾತ್ಮ ರೇಡಿಯೋ ಬಿಚ್ಚಿದ್ದ, ಅಕ್ಕನ ಜಾಮಿಟ್ರಿ ಬಾಕ್ಸ್ ಮುರಿದಿದ್ದ. ನಿಜ ಗೊತ್ತಿದ್ದ ಅಕ್ಕ ನವ್ಯಶ್ರೀ ಬಾಯಿ ಬಿಡಲಿಲ್ಲ.

ಅವಳ ಅಪ್ಪ ಸ್ವಾಮಿ ಬಿಡದಿಯಲ್ಲಿ ಫಾರಿನ್ ಸಾಹೇಬರೊಬ್ಬರ ಡ್ರೈವರ್ ಆಗಿದ್ದ. ಸಾಹೇಬರು ತಮ್ಮ ದೇಶಕ್ಕೆ ಹೊರಟಾಗ ಈ ಓವನ್ ಕೊಟ್ಟು ಹೋದರು. ಬಟನ್ ಒತ್ತಿದರೆ ಬಾಗಿಲು ಲಾಕ್ ಆಗಿ, ಒಳಗೆ ಕೆಂಡದಂಗೆ ಕಾದು, ತನ್ನ ಕೊಳೆ ತಾನೇ ಸುಟ್ಟುಕೊಳ್ಳುತ್ತದಂತೆ. ಬೈರಾಪಟ್ಟಣದ ಈ ಮನೆಯಲ್ಲಿ ಅದರಲ್ಲಿ ಏನೂ ಬೇಯಲಿಲ್ಲ. ಅಜ್ಜಿ ಹಪ್ಪಳದ ಡಬ್ಬ ಇಟ್ಟು ಅದನ್ನು ಬೀರು ಮಾಡಿಕೊಂಡಳು.

ಸಾನಾಳ ದಾದಾ, ಅಂದರೆ ತಾತ, ಶರೀಫ್ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು. ನಾಳೆಯ ಸ್ಕೂಲ್ ಎಕ್ಸಿಬಿಷನ್‌ಗೆ ಅವರು ಅರಗಿನ ಬಣ್ಣದ ಕೆಂಪು ಕುದುರೆ ಮಾಡಿಕೊಟ್ಟಿದ್ದರು. ಒಂದು ದಿನ ಇಟ್ಟುಕೊಂಡು ಕೊಡ್ತೀನಿ ಅಂತ ನವ್ಯಶ್ರೀ ಸಾನಾಳನ್ನು ಕೇಳಿ ಮನೆಗೆ ತಂದಿದ್ದಳು. ತಮ್ಮನ ಕೈಗೆ ಸಿಗಬಾರದು ಅಂತ ನವ್ಯಶ್ರೀ ಅದನ್ನು ಪೇಪರಿನಲ್ಲಿ ಸುತ್ತಿ ಓವನ್ನಿನಲ್ಲಿ ಇಟ್ಟಳು. ಒಂದು ಬಟನ್ ಮೇಲೆ ಬೀಗದ ಚಿತ್ರ ಕಂಡಿತು. ಕೊಳೆ ಸುಡುವ ಬಟನ್ ಅದೇ ಅಂತ ಅವಳಿಗೆ ಹೊಳೆಯಲಿಲ್ಲ. ಬೀರುವಿಗೆ ಬೀಗ ಇದ್ದರೆ ಇನ್ನೇನು ಬೇಕು? ಸ್ವಿಚ್ ಹಾಕಿ ಒತ್ತೇಬಿಟ್ಟಳು.

ಟಕ್ ಅಂತ ಬೀಗ ಬಿತ್ತು. ಹಿಂದೆಯೇ ಬಿಸಿ ವಾಸನೆ ಬಂತು. ಅವಳು ತಟ್ಟನೆ ಸ್ವಿಚ್ ಆರಿಸಿದಳು. ಆದರೆ ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಕುದುರೆ ಒಯ್ಯಲು ಸಾನಾ ಬಂದಿದ್ದಳು.

"ಅರಗು ಬಿಸಿಗೆ ಕರಗುತ್ತೆ ಕಣೇ" ಎಂದ ಸಾನಾಳ ಕಣ್ಣು ತುಂಬಿತು. "ದಾದಾಗೆ ಏನ್ ಹೇಳ್ಲಿ?"

ನವ್ಯಶ್ರೀ ಅಪ್ಪನ ಮೊಬೈಲಿಗೆ ಫೋನ್ ಮಾಡಿದಳು. "ಕರೆಂಟ್ ಇಲ್ದೆ ಆ ಲಾಕ್ ತೆಗೆಯಾಕಿಲ್ಲ ಮಗ" ಎಂದ ಸ್ವಾಮಿ. "ಒಸಿ ಹೊತ್ತು ತಣ್ಣಗಾಗ್ಲಿ. ಆಮೇಲೆ ಸ್ವಿಚ್ ಹಾಕಿ ಕ್ಯಾನ್ಸಲ್ ಒತ್ತು."

ಕಾದರು. ಗಾಜು ತಣ್ಣಗಾಯಿತು. ಆದರೂ ಸ್ವಿಚ್ ಹಾಕಲು ನವ್ಯಶ್ರೀಗೆ ಭಯ. ಓವನ್ ಮತ್ತೆ ಬಿಸಿಯಾಗಿಬಿಟ್ಟರೆ? ಕಣ್ಣು ಮುಚ್ಚಿ ಸ್ವಿಚ್ ಹಾಕಿ, ಕ್ಯಾನ್ಸಲ್ ಒತ್ತಿದಳು. ಒಳಗೆ ಗುರ್ರ್ ಅಂತು, ನಿಂತಿತು. ಮತ್ತೆ ಗುರ್ರ್. ಇಬ್ಬರೂ ಎಳೆದರು. ಊಹೂಂ.

"ಅಜ್ಜಿ ಹಿತ್ತಲ ಬಾಗ್ಲು ತೆಗೆಯೋ ಹಂಗೆ ಮಾಡಿ" ಎಂದ ಮನೋಹರ ಮೂಲೆಯಿಂದ. "ಮೊದ್ಲು ಒಳಿಕ್ಕೆ ನೂಕ್ಬೇಕು. ಆಮೇಲೆ ಚಿಲಕ."

"ಮಾಡದೆಲ್ಲ ಮಾಡ್ಬುಟ್ಟು ಬುದ್ಧಿ ಬೇರೆ ಹೇಳ್ತೀಯಾ?" ಎಂದು ಅಜ್ಜಿ ಕೈ ಎತ್ತಿದಳು.

"ಅವನಿಗೆ ಬೈಬ್ಯಾಡ ಅಜ್ಜಿ" ಎಂದಳು ನವ್ಯಶ್ರೀ. ಅವಳ ಮುಖ ಕೆಂಪಾಗಿತ್ತು. "ಬಟನ್ ಒತ್ತಿದ್ದು ನಾನು."

ಅಜ್ಜಿಯ ಕೈ ಮೆಲ್ಲಗೆ ಇಳಿಯಿತು. ಮನೋಹರ ಬಂದು ಬಾಗಿಲಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ನೂಕಿದ. ನವ್ಯಶ್ರೀ ಮತ್ತೆ ಕ್ಯಾನ್ಸಲ್ ಒತ್ತಿದಳು.

ಗುರ್ರ್... ಟಕ್.

ಬಾಗಿಲು ಸಲೀಸಾಗಿ ತೆರೆಯಿತು. ಪೇಪರ್ ಬಿಡಿಸಿದರೆ ಕುದುರೆ ಫಳಫಳ ಅನ್ನುತ್ತಿತ್ತು. ಹೊಟ್ಟೆಯ ಮೇಲೆ ಮಾತ್ರ ಪೇಪರಿನ ನಾಲ್ಕು ಅಕ್ಷರ ಅಂಟಿಕೊಂಡಿದ್ದವು.

"ಅಷ್ಟು ತಾನೇ, ತಿಕ್ಕಿದ್ರೆ ಹೋಗುತ್ತೆ" ಎಂದು ಸಾನಾ ಕಣ್ಣೊರೆಸಿಕೊಂಡು ನಕ್ಕಳು.

ಮನೋಹರ ಆಗಲೇ ಕೈ ಹಿಂದೆ ಕಟ್ಟಿಕೊಂಡಿದ್ದ. ಮುಟ್ಟಬೇಡ ಅನ್ನುವ ಮೊದಲೇ ಹಾಗೆ ನಿಲ್ಲುವುದು ಅವನಿಗೆ ಅಭ್ಯಾಸವಾಗಿತ್ತು. ನವ್ಯಶ್ರೀ ಕುದುರೆಯನ್ನು ಅವನ ಮುಂದೆ ಹಿಡಿದಳು.

"ತಗೋ. ಸಾನಾಗೆ ನೀನೇ ಕೊಡು."

ಅವನು ಕೈಗಳನ್ನು ಚಡ್ಡಿಗೆ ಒರೆಸಿಕೊಂಡ. ಕುದುರೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಬಿಂದಿಗೆ ಹೊತ್ತವನಂತೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಸಾನಾಳ ಕಡೆ ನಡೆದ.

ಅವನಿಗೆ ಇಷ್ಟು ನಿಧಾನವಾಗಿ ನಡೆಯಲು ಬರುತ್ತೆ ಅಂತ ನವ್ಯಶ್ರೀಗೆ ಗೊತ್ತೇ ಇರಲಿಲ್ಲ. ಇವತ್ತಿನ ತನಕ ಅವಳು ಅವನ ಕೈಗೆ ಏನನ್ನೂ ಕೊಟ್ಟೇ ಇರಲಿಲ್ಲವಲ್ಲ.